ಹೆಲ್ಮೆಟ್ಟಿನ ಕೆಳಗಿನ ನಾಲ್ಕು ಬೆರಳು ಜಾಗ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಊರೂರಲ್ಲಿ ಲೆದರ್ ಬಾಲ್ ಶಿಬಿರಗಳು, ಅಂತರ ಶಾಲಾ ಟೂರ್ನಿಗಳು, ಕ್ಲಬ್‌ಗಳ ನಾಕೌಟ್ ಪಂದ್ಯಗಳು ಶುರುವಾಗುತ್ತವೆ. ಪ್ರವೇಶ ಶುಲ್ಕ, ಬಹುಮಾನದ ಮೊತ್ತ, ಊಟದ ವ್ಯವಸ್ಥೆ ಎಲ್ಲವೂ ಕರಪತ್ರದಲ್ಲಿ ಇರುತ್ತದೆ. ಸುರಕ್ಷತೆಗೆ ಸಿಗುವುದು ಒಂದೇ ಸಾಲು: ‘ಬ್ಯಾಟಿಂಗ್ ಮಾಡುವವರಿಗೆ ಹೆಲ್ಮೆಟ್ ಕಡ್ಡಾಯ’. ಸಾಲು ಸರಿಯೇ, ಆದರೆ ಅರ್ಧಕ್ಕೇ ನಿಂತಿದೆ. ಹೆಲ್ಮೆಟ್ ಮುಗಿಯುವಲ್ಲಿಂದ ಕೆಳಗೆ, ಕಿವಿಯ ಹಿಂಭಾಗದಿಂದ ಕಾಲರ್‌ವರೆಗೆ, ನಾಲ್ಕು ಬೆರಳಗಲದ ಜಾಗವೊಂದು ಬರಿದಾಗಿ ಉಳಿಯುತ್ತದೆ. ಈ ಪತ್ರ ಮುಖ್ಯವಾಗಿ ಆ ಜಾಗದ ಬಗ್ಗೆ.

2014ರ ನವೆಂಬರ್ 25ರಂದು ಸಿಡ್ನಿ ಮೈದಾನದಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲ್ ಹ್ಯೂಸ್ 63 ರನ್ ಗಳಿಸಿ ಆಡುತ್ತಿದ್ದರು. ತಲೆಯ ಮೇಲೆ ಹೆಲ್ಮೆಟ್ ಇತ್ತು. ಶಾನ್ ಅಬಾಟ್ ಎಸೆದ, ತಲೆಯೆತ್ತರಕ್ಕೆ ಪುಟಿದೇಳುವ ಬೌನ್ಸರ್‌ಗೆ ಹುಕ್ ಮಾಡಲು ಹೋದಾಗ ಬ್ಯಾಟು ಚೆಂಡಿಗಿಂತ ಮೊದಲೇ ತಿರುಗಿಬಿಟ್ಟಿತು. ಎಡಗೈ ಬ್ಯಾಟರ್ ಹುಕ್ ಮಾಡಿ ದೇಹ ಪೂರ್ತಿ ತಿರುಗಿದರೆ ಕುತ್ತಿಗೆಯ ಎಡಭಾಗ ಬೌಲರ್ ಕಡೆಗೆ ತೆರೆದುಕೊಳ್ಳುತ್ತದೆ. ಚೆಂಡು ಬಡಿದದ್ದು ಅಲ್ಲಿಗೇ. ಕುತ್ತಿಗೆಯ ಮೂಳೆಗಳ ನಡುವೆ ಹಾದು ಮೆದುಳಿಗೆ ರಕ್ತ ಒಯ್ಯುವ ಅಪಧಮನಿ ಹರಿದು, ಮೆದುಳಿನ ಸುತ್ತ ರಕ್ತಸ್ರಾವವಾಯಿತು. ನವೆಂಬರ್ 27ರಂದು ಅವರು ತೀರಿಕೊಂಡರು. 26 ತುಂಬಲು ಮೂರು ದಿನ ಬಾಕಿಯಿತ್ತು. ತಲೆಬುರುಡೆಗೆ ಏನೂ ಆಗಿರಲಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು. ಹೆಲ್ಮೆಟ್ ಎಷ್ಟೇ ಗಟ್ಟಿಯಿದ್ದರೂ ಅದು ಮುಚ್ಚದ ಜಾಗವನ್ನು ಅದು ಕಾಯಲಾರದು.

ಹೆಲ್ಮೆಟ್ ಬರುವ ಮೊದಲಿನ ಗಾಯಗಳು ಬೇರೆ ಬಗೆಯವು. 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಚೆಂಡು ತಗುಲಿ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಬುರುಡೆ ಬಿರಿಯಿತು. ಜೀವ ಉಳಿಯಿತು, ಟೆಸ್ಟ್ ಬದುಕು ಅಲ್ಲಿಗೇ ಮುಗಿಯಿತು. 1976ರಲ್ಲಿ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ ಅಂಶುಮಾನ್ ಗಾಯಕ್ವಾಡ್ ಕಿವಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ನಮ್ಮವರೇ ಆದ ಗುಂಡಪ್ಪ ವಿಶ್ವನಾಥ್ ಅವರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಅವರ ಬಾಯಿಗೆ ಹೊಲಿಗೆ ಬಿತ್ತು. ಎರಡನೇ ಇನಿಂಗ್ಸ್ 97ಕ್ಕೆ ಮುಗಿದಾಗ ಐವರು ಬ್ಯಾಟ್ ಹಿಡಿಯಲೇ ಇಲ್ಲ. ಆಮೇಲೆ ಹೆಲ್ಮೆಟ್ ಬಂತು, ಮುಖ ಕಾಯುವ ಕಂಬಿಯ ಗ್ರಿಲ್ ಬಂತು, ಆದರೂ 2002ರಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನ್ ಚೆಂಡಿಗೆ ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾ ವಿಕೆಟ್ ಪಡೆದ ಆ ಚಿತ್ರವನ್ನು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಆ ಹೆಮ್ಮೆಯಲ್ಲಿ ತಪ್ಪಿಲ್ಲ. ಆದರೆ ಅದನ್ನೇ ತೋರಿಸಿ, ತಲೆಗೆ ಪೆಟ್ಟು ಬಿದ್ದ ಹದಿಮೂರರ ಹುಡುಗನಿಗೆ ‘ಏನೂ ಆಗಿಲ್ಲ, ಎದ್ದು ಆಡು’ ಅನ್ನುವುದು ದೊಡ್ಡ ತಪ್ಪು. ಕುಂಬ್ಳೆ ಅವರಿಗೆ ಆದದ್ದು ಮೂಳೆಯ ಗಾಯ. ಮೆದುಳಿನ ಗಾಯಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಈಗ ನೆಕ್ ಗಾರ್ಡ್ ವಿಷಯ. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಗ್ರಿಲ್ಲಿನ ಎರಡೂ ತುದಿಗೆ ಸಿಕ್ಕಿಸುವ, ಫೋಮ್ ಮತ್ತು ಪ್ಲಾಸ್ಟಿಕ್‌ನ ಹಗುರ ಪಟ್ಟಿ ಅದು. ಹ್ಯೂಸ್ ಸಾವಿನ ನಂತರ ಮಾರುಕಟ್ಟೆಗೆ ಬಂತು. ಬ್ರಿಟಿಷ್ ಹೆಲ್ಮೆಟ್ ಮಾನದಂಡವಾದ ಬಿಎಸ್ 7928:2013ಕ್ಕೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಕುತ್ತಿಗೆ ರಕ್ಷಕವೂ ಸೇರಿತು. 2023ರ ಅಕ್ಟೋಬರ್ 1ರಿಂದ ಆಸ್ಟ್ರೇಲಿಯಾದಲ್ಲಿ ವೇಗದ ಮತ್ತು ಮಧ್ಯಮ ವೇಗದ ಬೌಲಿಂಗ್ ಎದುರಿಸುವ ವೃತ್ತಿಪರ ಆಟಗಾರರಿಗೆ ಇದು ಕಡ್ಡಾಯ. ನಮ್ಮ ತಾಲ್ಲೂಕು ಪಂದ್ಯಗಳಲ್ಲಿ ಇದನ್ನು ಕಟ್ಟಿಕೊಂಡು ಬರುವ ಮಗು ಅಪರೂಪ. ಬೆಲೆ ಹೆಲ್ಮೆಟ್ಟಿನದರಲ್ಲಿ ಸಣ್ಣ ಪಾಲು ಅಷ್ಟೇ, ಹಾಗಾಗಿ ಅಡ್ಡಿ ದುಡ್ಡಿನದಲ್ಲ, ಗೊತ್ತಿಲ್ಲದಿರುವುದು. ಇನ್ನೊಂದು ಅಡ್ಡಿ ಕಿರಿಕಿರಿ: ತಲೆ ಹಿಂದಕ್ಕೆ ಬಾಗಿಸಿದರೆ ಕಾಲರ್‌ಗೆ ತಗಲುತ್ತದೆ, ಮೊದಲ ದಿನಗಳಲ್ಲಿ ಉಸಿರು ಕಟ್ಟಿದಂತೆ ಅನಿಸುತ್ತದೆ. ಸ್ಟೀವ್ ಸ್ಮಿತ್‌ರಂಥವರೂ ಇದೇ ಕಾರಣಕ್ಕೆ ಬಹುಕಾಲ ತೊಡಲಿಲ್ಲ. ಅದಕ್ಕೇ ಪಂದ್ಯದ ದಿನ ಮೊದಲ ಬಾರಿ ಕಟ್ಟಬಾರದು. ಎರಡು ವಾರ ನೆಟ್ಸ್‌ನಲ್ಲಿ ತೊಟ್ಟರೆ ಅದು ಇದೆ ಎಂಬುದೇ ಮರೆತುಹೋಗುತ್ತದೆ. ಹೆಲ್ಮೆಟ್ ಒಂದು ಕಂಪನಿಯದು, ಗಾರ್ಡ್ ಇನ್ನೊಂದರದು ಆದರೆ ಕೊಂಡಿ ಸರಿಯಾಗಿ ಕೂರುವುದಿಲ್ಲ. ದಾರ ಕಟ್ಟಿ ನೇತುಹಾಕಿದ ಗಾರ್ಡ್ ಪೆಟ್ಟು ಬಿದ್ದ ಕ್ಷಣ ಕಳಚಿಕೊಳ್ಳುತ್ತದೆ. ಅಂಗಡಿಯಲ್ಲೇ ಹೆಲ್ಮೆಟ್ ಜೊತೆ ಒಯ್ದು ಸಿಕ್ಕಿಸಿ ನೋಡಿಯೇ ಕೊಳ್ಳಿ.

ಹೆಲ್ಮೆಟ್ ವಿಷಯದಲ್ಲೂ ‘ಇದೆ’ ಎಂಬುದಕ್ಕೂ ‘ಸರಿಯಾಗಿದೆ’ ಎಂಬುದಕ್ಕೂ ಬಹಳ ದೂರ. 2014ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವರುಣ್ ಆ್ಯರನ್ ಎಸೆದ ಬೌನ್ಸರ್ ಹೆಲ್ಮೆಟ್ಟಿನ ಹಣೆಯ ಮೇಲೆ ಮುಂದಕ್ಕೆ ಚಾಚಿದ ಚುಂಚು ಮತ್ತು ಗ್ರಿಲ್ ನಡುವಿನ ಸಂದಿಯಲ್ಲಿ ನುಗ್ಗಿ ಸ್ಟುವರ್ಟ್ ಬ್ರಾಡ್ ಮೂಗು ಮುರಿಯಿತು. ಹಳೆಯ ಮಾದರಿಗಳಲ್ಲಿ ಈ ಸಂದಿಯನ್ನು ಆಟಗಾರ ತನಗೆ ಬೇಕಾದಷ್ಟು ಅಗಲಿಸಿಕೊಳ್ಳಬಹುದಿತ್ತು. ಚೆಂಡು ಚೆನ್ನಾಗಿ ಕಾಣಲಿ ಎಂದು ಎಲ್ಲರೂ ಅಗಲಿಸುತ್ತಿದ್ದರು. 2013ರ ಮಾನದಂಡ ಬಂದ ಮೇಲೆ ಗ್ರಿಲ್ ಕಡೆಗೆ ನಿಜವಾದ ಚೆಂಡಿನಂಥದ್ದನ್ನೇ ಗುರಿಯಿಟ್ಟು ಹಾರಿಸಿ, ಅದು ಒಳನುಗ್ಗುತ್ತದೆಯೇ, ಗ್ರಿಲ್ ಬಾಗಿ ಮುಖಕ್ಕೆ ತಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ದೊಡ್ಡವರ ಚೆಂಡಿಗೂ ಮಕ್ಕಳ ಚೆಂಡಿಗೂ ಪರೀಕ್ಷೆ ಬೇರೆ ಬೇರೆ, ಏಕೆಂದರೆ 13 ವರ್ಷದೊಳಗಿನವರ ಚೆಂಡು ಚಿಕ್ಕದು. ದೊಡ್ಡವರ ಗ್ರಿಲ್ ತಡೆಯುವ ಸಂದಿಯಲ್ಲಿ ಅದು ತೂರಿ ಬರಬಹುದು. ಅಣ್ಣನ ಹೆಲ್ಮೆಟ್ಟನ್ನು ತಮ್ಮನಿಗೆ ಕೊಡುವ ಮನೆಗಳು ಇದನ್ನು ತಿಳಿದಿರಬೇಕು. ಹೆಲ್ಮೆಟ್ ಒಳಗಿನ ಚೀಟಿಯಲ್ಲಿ ಮಾನದಂಡದ ಸಂಖ್ಯೆಯ ಜೊತೆ ಯಾವ ಚೆಂಡಿಗೆ ಪರೀಕ್ಷಿಸಿದ್ದು ಎಂದೂ ಬರೆದಿರುತ್ತದೆ. ಓದಿ. ಚೀಟಿಯೇ ಇಲ್ಲದ ಹೆಲ್ಮೆಟ್ ರಸ್ತೆಬದಿ ಮಾರುವ ಬೈಕ್ ಹೆಲ್ಮೆಟ್ಟಿನಷ್ಟೇ ನಂಬಿಕೆಗೆ ಅರ್ಹ.

ತೊಡಿಸುವ ಕ್ರಮವೂ ಇದೆ. ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದು ಆ ಅಳತೆಯದನ್ನೇ ಕೊಳ್ಳಬೇಕು. ತೊಟ್ಟಾಗ ಚುಂಚು ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ನೆಲಕ್ಕೆ ಸಮವಾಗಿ ನಿಲ್ಲಬೇಕು. ಪಟ್ಟಿ ಕಟ್ಟುವ ಮುನ್ನವೇ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ಅಲ್ಲಾಡಬೇಕು, ತಾನೇ ಬೇರೆಯಾಗಿ ತಿರುಗಬಾರದು. ಆಮೇಲೆ ಆಡುವ ಚೆಂಡನ್ನೇ ಕೈಯಲ್ಲಿ ಹಿಡಿದು ಚುಂಚಿನ ಕೆಳಗಿನ ಸಂದಿಗೆ ಒತ್ತಿ ನೋಡಿ. ಕೈಯ ಬಲಕ್ಕೇ ಒಳಗೆ ಹೋದರೆ ಆ ಹೆಲ್ಮೆಟ್ ಬೇಡವೇ ಬೇಡ. ನಮ್ಮ ಶಾಲಾ ತಂಡಗಳ ನಿಜ ಸ್ಥಿತಿ ಏನೆಂದರೆ, ಕಿಟ್ ಬ್ಯಾಗಿನಲ್ಲಿ ಎರಡೇ ಹೆಲ್ಮೆಟ್, ಹನ್ನೊಂದು ತಲೆ. ಸಡಿಲವಾದವನಿಗೆ ಒಳಗೆ ಕರ್ಚೀಫು ಮಡಚಿಟ್ಟು ಕಳಿಸುತ್ತಾರೆ. ಚೆಂಡು ಬಡಿದಾಗ ಅಂಥ ಹೆಲ್ಮೆಟ್ ಹಿಂದಕ್ಕೆ ಸರಿದು ಹಣೆ ತೆರೆದುಕೊಳ್ಳುತ್ತದೆ, ಇಲ್ಲವೇ ಗ್ರಿಲ್ಲೇ ಮೂಗಿಗೆ ಬಡಿಯುತ್ತದೆ. ಕನಿಷ್ಠ ಮೂರು ಅಳತೆಯವು ತಂಡದಲ್ಲಿರಲಿ. ಗಟ್ಟಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಅದುಮಿ ಹೋಗಿರುತ್ತದೆ. ಎರಡನೇ ಪೆಟ್ಟನ್ನು ಅದು ಹೀರಿಕೊಳ್ಳುವುದಿಲ್ಲ. ಅದನ್ನು ತೆಗೆದಿಡಿ, ಬಾಗಿದ ಗ್ರಿಲ್ಲನ್ನು ಸುತ್ತಿಗೆಯಿಂದ ನೇರ ಮಾಡಿಸಬೇಡಿ.

ಇನ್ನು ಸೈಡ್‌ಆರ್ಮ್. ಉದ್ದ ಹಿಡಿಕೆಯ ಆ ಚೆಂಡೆಸೆಯುವ ಸಾಧನವನ್ನು ಭಾರತ ತಂಡದ ನೆಟ್ಸ್‌ನಲ್ಲಿ ಪಳಗಿಸಿ ಹೆಸರಾದವರು ನಮ್ಮ ಕುಮಟಾದ ರಾಘವೇಂದ್ರ. ಅವರ ಕೈಯಿಂದ ಬರುವ ವೇಗದ ಚೆಂಡಿನ ಅಭ್ಯಾಸ ಭಾರತದ ಬ್ಯಾಟರ್‌ಗಳಿಗೆ ಎಷ್ಟು ನೆರವಾಗಿದೆ ಎಂಬುದನ್ನು ವಿರಾಟ್ ಕೊಹ್ಲಿಯೇ ಹೇಳಿದ್ದಾರೆ. ಈಗ ಆ ಸಾಧನ ಪ್ರತಿ ಅಕಾಡೆಮಿಯಲ್ಲೂ ಇದೆ, ರಾಘವೇಂದ್ರರ ಹಿಡಿತ ಮಾತ್ರ ಎಲ್ಲ ಕೈಗಳಲ್ಲಿ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ನೆಟ್ಸ್‌ನಲ್ಲಿ ಇಂಥದೇ ಸಾಧನದಿಂದ ಎಸೆದ ಚೆಂಡು ಕುತ್ತಿಗೆಗೆ ತಗುಲಿ 17 ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಹೆಲ್ಮೆಟ್ ಇತ್ತು, ನೆಕ್ ಗಾರ್ಡ್ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಬೌಲರ್‌ನ ಕ್ರೀಸಿನಿಂದ ಬ್ಯಾಟರ್‌ನ ಕ್ರೀಸಿಗೆ 17.68 ಮೀಟರ್. ಅಲ್ಲಿಂದ 150 ಕಿ.ಮೀ. ವೇಗದ ಚೆಂಡು ಬರಲು ಹೆಚ್ಚುಕಡಿಮೆ 0.42 ಸೆಕೆಂಡು. ಕೋಚ್ 13 ಮೀಟರ್ ದೂರದಲ್ಲಿ ನಿಂತು 110 ಕಿ.ಮೀ. ವೇಗದಲ್ಲಿ ಎಸೆದರೂ ಬ್ಯಾಟರ್‌ಗೆ ಸಿಗುವುದು ಅಷ್ಟೇ ಹೊತ್ತು. ಅಂದರೆ ‘ಸುಮ್ಮನೆ ಮೀಡಿಯಂ ಪೇಸ್ ಎಸೆಯುತ್ತಿದ್ದೇನೆ’ ಎಂದುಕೊಂಡ ಕೋಚ್ 14ರ ಹುಡುಗನಿಗೆ ಅಂತರರಾಷ್ಟ್ರೀಯ ವೇಗವನ್ನು ಎಸೆಯುತ್ತಿರುತ್ತಾರೆ. ಸಾಲದ್ದಕ್ಕೆ, ಬೌಲರ್‌ನ ಓಟ, ಜಿಗಿತ, ಭುಜದ ತಿರುವು ನೋಡಿ ಬ್ಯಾಟರ್ ಮೊದಲೇ ಅಂದಾಜು ಮಾಡುವುದಿದೆಯಲ್ಲ, ಆ ಸುಳಿವೊಂದೂ ಸೈಡ್‌ಆರ್ಮ್‌ನಲ್ಲಿ ಇರುವುದಿಲ್ಲ. ಹಿಡಿಕೆಯ ಬಟ್ಟಲಿನಿಂದ ಚೆಂಡು ಚೂರು ತಡವಾಗಿ ಬಿಟ್ಟರೆ ಗುಡ್ ಲೆಂಗ್ತ್ ಆಗಬೇಕಾದದ್ದು ಶಾರ್ಟ್ ಆಗಿ ಮೇಲೇಳುತ್ತದೆ, ಬೇಗ ಬಿಟ್ಟರೆ ಎದೆ ಮಟ್ಟದ ಫುಲ್‌ಟಾಸ್. ದಣಿದ ಕೈ ಈ ಎರಡನ್ನೂ ಮಾಡುತ್ತದೆ. ಆದ್ದರಿಂದ ಮಕ್ಕಳಿಗೆ ಸೈಡ್‌ಆರ್ಮ್ ಎಸೆಯುವವರು ದೂರವನ್ನು ಹೆಜ್ಜೆ ಲೆಕ್ಕದಲ್ಲಿ ಅಲ್ಲ, ಟೇಪಿನಲ್ಲಿ ಅಳೆದು ಗೆರೆ ಹಾಕಿಕೊಳ್ಳಲಿ. ಬ್ಯಾಟರ್ ಕಣ್ಣೆತ್ತಿ ನೋಡಿದ ಮೇಲೆಯೇ ಎಸೆಯಲಿ. ನೆಕ್ ಗಾರ್ಡ್ ಇಲ್ಲದವನಿಗೆ ಲೆದರ್ ಬಾಲ್ ಎಸೆಯಲೇ ಬಾರದು. ಹರಿದ ಬಲೆಯ ತೂತಿನಿಂದ ಪಕ್ಕದ ನೆಟ್ಸ್‌ನ ಚೆಂಡು ಬರುವುದೂ ಇದೇ ಸಾಲಿನ ಅಪಾಯ, ನೈಲಾನ್ ದಾರ ತಂದು ಹೊಲಿದರೆ ಅರ್ಧ ಗಂಟೆಯ ಕೆಲಸ.

ಬೌನ್ಸರ್ ಆಡುವುದನ್ನು ಕಲಿಸದೆ ಮಕ್ಕಳನ್ನು ವೇಗದ ಬೌಲಿಂಗ್ ಎದುರು ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಹೆದರಿದ ಹುಡುಗ ಮಾಡುವ ಮೊದಲ ಕೆಲಸ ಮುಖ ತಿರುಗಿಸಿ ಕಣ್ಣು ಮುಚ್ಚುವುದು. ಆಗ ಗ್ರಿಲ್ ಇರುವ ಮುಖ ಆಚೆ ಹೋಗಿ, ಏನೂ ಇಲ್ಲದ ಕುತ್ತಿಗೆ ಚೆಂಡಿಗೆ ಎದುರಾಗುತ್ತದೆ. ಇದನ್ನು ಮಾತಿನಲ್ಲಿ ತಿದ್ದಲಾಗದು. ಒದ್ದೆ ಮಾಡಿದ ಟೆನಿಸ್ ಚೆಂಡನ್ನು ರ‍್ಯಾಕೆಟ್‌ನಿಂದ ಎದೆ ಮತ್ತು ತಲೆಯ ಎತ್ತರಕ್ಕೆ ಹೊಡೆಯುತ್ತಾ, ಬ್ಯಾಟ್ ಇಲ್ಲದೆ ಬರೀ ತಪ್ಪಿಸಿಕೊಳ್ಳುವುದನ್ನು ಕಲಿಸಬೇಕು: ಮಂಡಿ ಮಡಚಿ ಕುಗ್ಗುವುದು, ಸೊಂಟದಿಂದ ಹಿಂದಕ್ಕೆ ವಾಲುವುದು, ಎರಡರಲ್ಲೂ ಕೈ ಕೆಳಗೆ ಬೀಳಿಸುವುದು, ಕಣ್ಣು ಮಾತ್ರ ಚೆಂಡು ಕೀಪರ್ ಕೈ ಸೇರುವವರೆಗೂ ಅದರ ಮೇಲೆ. ಹುಕ್ ಮತ್ತು ಪುಲ್ ಆಮೇಲೆ. ಕೊನೆಯ ಕ್ರಮಾಂಕದವರಿಗೂ ಇದು ಬೇಕು, ನಿಜ ಹೇಳಬೇಕೆಂದರೆ ಅವರಿಗೇ ಹೆಚ್ಚು ಬೇಕು. 1975ರಲ್ಲಿ ಆಕ್ಲೆಂಡ್‌ನಲ್ಲಿ ಪೀಟರ್ ಲೀವರ್ ಚೆಂಡು ಕಣತಲೆಗೆ ಬಡಿದು ಹೃದಯವೇ ನಿಂತು, ಇಂಗ್ಲೆಂಡ್ ತಂಡದ ಫಿಸಿಯೋ ಬರ್ನಾರ್ಡ್ ಥಾಮಸ್ ಅವರ ಕೈಯಲ್ಲಿ ಮರುಜೀವ ಪಡೆದ ಇವನ್ ಚಾಟ್‌ಫೀಲ್ಡ್ ಹನ್ನೊಂದನೇ ಕ್ರಮಾಂಕದ ಆಟಗಾರ.

ಈ ವಿಷಯದಲ್ಲಿ ಅಂಪೈರ್‌ಗಳ ಕೈಯಲ್ಲಿರುವ ಅಧಿಕಾರ ಬಹಳ ದೊಡ್ಡದು, ಬಳಕೆ ಮಾತ್ರ ಕಡಿಮೆ. ಕ್ರಿಕೆಟ್ ನಿಯಮ 41.6ರ ಪ್ರಕಾರ ಶಾರ್ಟ್ ಚೆಂಡು ಅಪಾಯಕಾರಿಯೋ ಅಲ್ಲವೋ ಎಂದು ನಿರ್ಧರಿಸುವಾಗ ವೇಗ, ಲೆಂಗ್ತ್, ಎತ್ತರ, ದಿಕ್ಕಿನ ಜೊತೆ ಬ್ಯಾಟರ್‌ನ ಕೌಶಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವನು ಹೆಲ್ಮೆಟ್ ತೊಟ್ಟಿದ್ದಾನೆ ಎಂಬುದನ್ನು ಪರಿಗಣಿಸಲೇಬಾರದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಬಾರಿ ನೋಬಾಲ್ ಕೊಟ್ಟು ಮೊದಲ ಮತ್ತು ಕೊನೆಯ ಎಚ್ಚರಿಕೆ, ಮತ್ತೆ ಮಾಡಿದರೆ ಆ ಇನಿಂಗ್ಸ್‌ನಲ್ಲಿ ಬೌಲಿಂಗೇ ಇಲ್ಲ. ಹತ್ತನೇ ಕ್ರಮಾಂಕದ ಶಾಲಾ ಹುಡುಗನಿಗೆ ಇಪ್ಪತ್ತರ ಯುವಕ ಓವರಿಗೆರಡು ಬೌನ್ಸರ್ ಹಾಕುವಾಗ ‘ಓವರಿಗೆ ಎರಡು ಇದೆಯಲ್ಲ’ ಎನ್ನುವುದು ಉತ್ತರವಲ್ಲ.

ಪಿಚ್ ಸಂಗತಿಯೂ ಅಂಪೈರ್‌ಗಳ ಕೈಯಲ್ಲೇ. 1998ರ ಜನವರಿ 29ರಂದು ಅದೇ ಸಬೀನಾ ಪಾರ್ಕ್‌ನಲ್ಲಿ ವೆಸ್ಟ್ ಇಂಡೀಸ್-ಇಂಗ್ಲೆಂಡ್ ಟೆಸ್ಟ್ 61 ಎಸೆತಕ್ಕೆ ನಿಂತುಹೋಯಿತು, ಏಕೆಂದರೆ ಪಿಚ್ ಅಪಾಯಕಾರಿ. ಟೆಸ್ಟ್ ಪಂದ್ಯವನ್ನೇ ನಿಲ್ಲಿಸಬಹುದಾದರೆ ತಾಲ್ಲೂಕು ಸೆಮಿಫೈನಲ್ ನಿಲ್ಲಿಸಲು ಅಂಜಿಕೆ ಏಕೆ? ನಮ್ಮ ಬಹುಪಾಲು ಮೈದಾನಗಳಲ್ಲಿ ಇರುವುದು ಮ್ಯಾಟ್. ತೆಂಗಿನ ನಾರಿನ ಮ್ಯಾಟ್ ಮೇಲೆ ಚೆಂಡು ಕಚ್ಚಿ ಏಳುತ್ತದೆ, ಕೆಳಗೆ ಸಿಮೆಂಟ್ ಇದ್ದರಂತೂ ಇನ್ನೂ ಎತ್ತರ. ಟರ್ಫ್ ಮೇಲೆ ಸೊಂಟಕ್ಕೆ ಬರುವ ಚೆಂಡು ಇಲ್ಲಿ ಗಂಟಲಿಗೆ ಬರುತ್ತದೆ. ಇದಾದರೂ ಒಂದೇ ಸಮ ಇರುವುದರಿಂದ ಬ್ಯಾಟರ್ ಹೊಂದಿಕೊಳ್ಳಬಹುದು. ನಿಜವಾದ ಅಪಾಯ ಮ್ಯಾಟ್ ಸುಕ್ಕಾಗಿ ಏಳುವ ಮಡಿಕೆಯದು. ಹಾಸುವ ಮುನ್ನ ನೆಲ ಗುಡಿಸಿ ಪ್ರತಿ ಕಲ್ಲು ಆಯಬೇಕು, ನೀರು ಚಿಮುಕಿಸಿ ರೋಲರ್ ಎಳೆಯಬೇಕು, ನಾಲ್ಕೂ ಕಡೆ ಜನ ಹಿಡಿದು ಬಿಗಿಯಾಗಿ ಎಳೆದು ಮೊಳೆ ಹೊಡೆಯಬೇಕು, ಮೊಳೆಯ ತಲೆ ಮ್ಯಾಟ್‌ಗಿಂತ ಮೇಲೆ ನಿಲ್ಲಬಾರದು. ಬಿಸಿಲಿಗೆ ಮ್ಯಾಟ್ ಸಡಿಲಾಗುತ್ತದೆ, ಆದ್ದರಿಂದ ಇನಿಂಗ್ಸ್ ನಡುವೆ ಮತ್ತೆ ಎಳೆಯಬೇಕು. ಒಂದೇ ಜಾಗದಿಂದ ಒಂದು ಚೆಂಡು ಪಾದಕ್ಕೂ ಇನ್ನೊಂದು ಗಲ್ಲಕ್ಕೂ ಬಂದರೆ ಆಟ ನಿಲ್ಲಿಸಿ ಮ್ಯಾಟ್ ಎತ್ತಿ ನೋಡಬೇಕು.

ಬ್ಯಾಟರ್‌ಗೆ ತೀರ ಹತ್ತಿರ ಫೀಲ್ಡರ್ ನಿಲ್ಲುವ ಜಾಗವಾದ ಶಾರ್ಟ್ ಲೆಗ್ ಬಗ್ಗೆ ಎರಡೇ ಮಾತು. ರಮಣ್ ಲಾಂಬಾ 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಅಲ್ಲಿ ನಿಂತು ಪೆಟ್ಟು ತಿಂದು ತೀರಿಕೊಂಡರು. ಇಂಗ್ಲೆಂಡ್‌ನಲ್ಲಿ 13ರೊಳಗಿನ ಮಕ್ಕಳು ಸ್ಟಂಪ್‌ನಿಂದ 11 ಗಜದೊಳಗೆ, 15ರೊಳಗಿನವರು 8 ಗಜದೊಳಗೆ ನಿಲ್ಲುವಂತಿಲ್ಲ. ವಿನಾಯಿತಿ ಇರುವುದು ಆಫ್ ಸೈಡ್‌ನಲ್ಲಿ ವಿಕೆಟ್ ಹಿಂದಿನ ಜಾಗಗಳಿಗೆ ಮಾತ್ರ. ಈ ನಿಯಮವನ್ನು ನಮ್ಮ ಶಾಲಾ ಟೂರ್ನಿಗಳು ನಾಳೆಯೇ ಬರೆದುಕೊಳ್ಳಬಹುದು, ಒಂದು ರೂಪಾಯಿ ಖರ್ಚಿಲ್ಲ.

ಪೆಟ್ಟು ಬಿದ್ದ ಮೇಲೆ ಏನು? 2019ರಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ವೈದ್ಯರ ಪರೀಕ್ಷೆಗಳಲ್ಲಿ ಪಾಸಾಗಿ ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದು ಆಡಿದರು. ಮರುದಿನ ಬೆಳಗ್ಗೆ ತಲೆನೋವು, ಮಂಕು ಶುರುವಾಗಿ ಪಂದ್ಯದಿಂದ ಹೊರಗುಳಿದರು. ಅವರ ಬದಲಿಗೆ ಬಂದ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕಂಕಷನ್ (ಪೆಟ್ಟಿನಿಂದ ಮೆದುಳು ಅಲುಗಿ ಆಗುವ ಗಾಯ) ಬದಲಿ ಆಟಗಾರ. ಜಗತ್ತಿನ ಅತ್ಯುತ್ತಮ ವೈದ್ಯರು ಪಕ್ಕದಲ್ಲೇ ಇದ್ದಾಗಲೂ ಲಕ್ಷಣ ತಡವಾಗಿ ಕಾಣಿಸಿತು. ಹೀಗಿರುವಾಗ, ವೈದ್ಯರೇ ಇಲ್ಲದ ಮೈದಾನದಲ್ಲಿ ನಿಯಮ ಒಂದೇ ಇರಬೇಕು: ತಲೆಗೆ ಅಥವಾ ಕುತ್ತಿಗೆಗೆ ಪೆಟ್ಟು ಬಿದ್ದು ಅನುಮಾನ ಬಂದರೆ ಆ ದಿನ ಆಟವಿಲ್ಲ. ‘ಇದು ಯಾವ ಮೈದಾನ, ಯಾರ ಬೌಲಿಂಗ್, ಸ್ಕೋರ್ ಎಷ್ಟು’ ಎಂದು ಕೇಳಿ. ತಡವರಿಸಿದರೆ ಕಂಕಷನ್ ಎಂದೇ ತಿಳಿಯಿರಿ. ಪಟಪಟನೆ ಉತ್ತರಿಸಿದ ಮಾತ್ರಕ್ಕೆ ಇಲ್ಲ ಎಂದುಕೊಳ್ಳಬೇಡಿ. ಕುತ್ತಿಗೆ ನೋವು, ಕೈಕಾಲು ಜೋಮು, ಎರಡೆರಡು ಕಾಣುವುದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಂಪರು, ಫಿಟ್ಸ್, ಇವುಗಳಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ. ಮನೆಗೆ ಹೋದವನನ್ನು ಮೊದಲ ರಾತ್ರಿ ಒಬ್ಬನೇ ಬಿಡಬಾರದು. ವೈದ್ಯರು ನೋಡುವ ಮುನ್ನ ಆಸ್ಪಿರಿನ್, ಐಬುಪ್ರೊಫೇನ್ ಕೊಡಬಾರದು, ರಕ್ತಸ್ರಾವ ಇದ್ದರೆ ಅವು ಹೆಚ್ಚಿಸುತ್ತವೆ. ವಾಪಸಾಗುವುದು ಮೆಟ್ಟಿಲು ಮೆಟ್ಟಿಲಾಗಿ: ನಡಿಗೆ, ಓಟ, ಮೆತ್ತನೆ ಚೆಂಡು, ನೆಟ್ಸ್, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೆ ಒಂದು ದಿನವಾದರೂ ಬೇಕು, ಮಕ್ಕಳಿಗೆ ಇನ್ನೂ ನಿಧಾನ.

ಕುಸಿದು ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಓಡುವುದು ನಮ್ಮ ಮೈದಾನಗಳ ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕುತ್ತಿಗೆ ಮೂಳೆ ಸರಿದಿದ್ದರೆ ಆ ಎತ್ತಾಟದಲ್ಲೇ ಬೆನ್ನುಹುರಿಗೆ ಪೆಟ್ಟಾಗುತ್ತದೆ. ಉಸಿರಾಡುತ್ತಿದ್ದರೆ ಒಬ್ಬರು ಮಂಡಿಯೂರಿ ತಲೆಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿಯಲಿ, ಹೆಲ್ಮೆಟ್ ತೆಗೆಯುವ ಗಡಿಬಿಡಿ ಬೇಡ. ಉಸಿರಿಲ್ಲದಿದ್ದರೆ ಮಾತ್ರ ಹುಷಾರಾಗಿ ಹೆಲ್ಮೆಟ್ ತೆಗೆದು ಎದೆ ಒತ್ತಲು ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಬಾರಿ, ಆ್ಯಂಬುಲೆನ್ಸ್ ಬರುವವರೆಗೆ. ಹ್ಯೂಸ್ ಪ್ರಕರಣದ ವಿಚಾರಣೆ ನಡೆಸಿದ ಅಧಿಕಾರಿ, ಅವರನ್ನು ಯಾವ ಚಿಕಿತ್ಸೆಯೂ ಉಳಿಸುತ್ತಿರಲಿಲ್ಲ ಎಂದರು. ಆದರೂ ಅಂದು ಆ್ಯಂಬುಲೆನ್ಸ್ ಕರೆಯುವುದರಲ್ಲಿ ಗೊಂದಲ, ವಿಳಂಬ ಆಗಿತ್ತೆಂದು ಗುರುತಿಸಿದರು. ಸಿಡ್ನಿಯಲ್ಲೇ ಹಾಗಾದರೆ ನಮ್ಮಲ್ಲಿ ಕೇಳಬೇಕೆ? ಟಾಸ್‌ಗೆ ಮುಂಚೆಯೇ 108ಕ್ಕೆ ಕರೆ ಮಾಡುವವರು ಯಾರು ಎಂದು ಹೆಸರು ಹೇಳಿ ಗೊತ್ತು ಮಾಡಿ. ಮೈದಾನದ ವಿಳಾಸ ಸ್ಕೋರರ್ ಮೇಜಿನ ಮೇಲೆ ಬರೆದಿರಲಿ. ಗೇಟಿನ ಕೀಲಿ ಯಾರಲ್ಲಿದೆ ಎಂದು ವಿಚಾರಿಸಿ, ಗೇಟಿಗೆ ಅಡ್ಡ ನಿಂತ ಬೈಕುಗಳನ್ನು ತೆಗೆಸಿ.

ಬೌಲರ್ ಮಕ್ಕಳ ದೇಹವನ್ನೂ ನೋಡಬೇಕು. ವೇಗದ ಬೌಲರ್ ಮುಂಗಾಲು ಊರುವಾಗ ದೇಹತೂಕದ ಹಲವು ಪಟ್ಟು ಭಾರ ಸೊಂಟಕ್ಕೆ ಏರುತ್ತದೆ. ಬೆಳೆಯುವ ಮೂಳೆ ಅದನ್ನು ದಿನವೂ ತಾಳದೆ ಸಣ್ಣಗೆ ಬಿರುಕು ಬಿಡುತ್ತದೆ. ಬುಮ್ರಾ ಅವರಿಗೂ ನಮ್ಮ ಪ್ರಸಿದ್ಧ್ ಕೃಷ್ಣ ಅವರಿಗೂ ಆದದ್ದು ಇದೇ ಸೊಂಟದ ಸ್ಟ್ರೆಸ್ ಫ್ರಾಕ್ಚರ್. ಇಂಗ್ಲೆಂಡ್‌ನಲ್ಲಿ 15ರೊಳಗಿನ ವೇಗಿಗೆ ಒಂದು ಸ್ಪೆಲ್‌ನಲ್ಲಿ 6, ದಿನಕ್ಕೆ 12 ಓವರ್ ಮಿತಿ. ನಮ್ಮಲ್ಲಿ ಅದೇ ಹುಡುಗ ಶನಿವಾರ ಶಾಲೆಗೆ, ಭಾನುವಾರ ಕ್ಲಬ್‌ಗೆ, ಉಳಿದ ದಿನ ನೆಟ್ಸ್‌ಗೆ ಎಸೆಯುತ್ತಾನೆ, ಒಟ್ಟು ಲೆಕ್ಕ ಇಡುವವರು ಯಾರೂ ಇಲ್ಲ. ಬೌಲಿಂಗ್ ಮಾಡದ ಕೈಯ ಕಡೆ ಸೊಂಟದಲ್ಲಿ ಒಂದೇ ಬಿಂದುವಿನಲ್ಲಿ ನೋವು ಎಂದರೆ ಮುಲಾಮು ಹಚ್ಚಿ ಕಳಿಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ.

ರಾಜ್ಯ ಕ್ರಿಕೆಟ್ ಸಂಸ್ಥೆ ಮತ್ತು ಅದರ ವಲಯಗಳ ಸಂಚಾಲಕರಲ್ಲಿ ನನ್ನ ಕೋರಿಕೆ ಇದು. 19 ವರ್ಷದೊಳಗಿನ ಯಾವುದೇ ಲೆದರ್ ಬಾಲ್ ಪಂದ್ಯದಲ್ಲಿ, ನೆಟ್ಸ್‌ನಲ್ಲೂ, ನೆಕ್ ಗಾರ್ಡ್ ಇಲ್ಲದೆ ಬ್ಯಾಟಿಂಗ್‌ಗೆ ಬಿಡಬಾರದೆಂಬ ನಿಯಮ ಈ ಋತುವಿನಿಂದಲೇ ಬರಲಿ. ಟೂರ್ನಿ ನಡೆಸುವವರು ಟ್ರೋಫಿಯ ಹಣದಲ್ಲಿ ಸ್ವಲ್ಪ ಉಳಿಸಿ ಆರು ಗಾರ್ಡ್ ಕೊಂಡು ಸ್ಕೋರರ್ ಬಳಿ ಇಟ್ಟರೂ ಎರಡೂ ತಂಡಕ್ಕೆ ಸಾಕಾಗುತ್ತದೆ, ಕೊಳ್ಳುವಾಗ ತಂಡಗಳ ಹೆಲ್ಮೆಟ್ ಕಂಪನಿ ಯಾವುದೆಂದು ಕೇಳಿಕೊಂಡರಾಯಿತು.

ತರಬೇತುದಾರರಿಗೆ ಇನ್ನೊಂದು ಮಾತು. ಕೈಮೀರಿ ಅವಘಡ ಆದ ದಿನ ಎಲ್ಲರೂ ಬಿದ್ದವನ ಸುತ್ತ ಸೇರುತ್ತಾರೆ. ಚೆಂಡು ಎಸೆದ ಹುಡುಗ ಪಿಚ್‌ನ ಆ ತುದಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಅವನು ನಿಯಮದೊಳಗೇ ಎಸೆದಿದ್ದಾನೆ. ಒಬ್ಬರು ಹೋಗಿ ಅವನ ಹೆಗಲ ಮೇಲೆ ಕೈಯಿಡಿ, ಮನೆಯವರನ್ನು ಕರೆಸಿ, ಅವನ ಮೊಬೈಲನ್ನು ಒಂದೆರಡು ದಿನ ದೂರವಿಡಲು ಹೇಳಿ, ಅವನಾಗಿಯೇ ಕೇಳುವವರೆಗೆ ಮತ್ತೆ ಚೆಂಡು ಕೊಡಬೇಡಿ.

ಇಂತಿ,
ಕ್ರಿಕೆಟ್ ತರಬೇತುದಾರ,
ಶಿವಮೊಗ್ಗ